ಪೊಲೀಸರಿಂದ ಮನೆ, ಗಾಡಿ ಹಾಳಾದರೆ ಸರ್ಕಾರದಿಂದ ಹಣ ಕೇಳುವುದು ಹೇಗೆ? ಕಾಸರಗೋಡಿನವರಿಗೆ ಒಂದು ಮಾರ್ಗದರ್ಶಿ

ರಾತ್ರಿ ಎರಡು ಗಂಟೆಗೆ ಪೊಲೀಸರು ಬಾಗಿಲು ಒಡೆದು ಒಳಗೆ ಬಂದರು. ಅವರು ಹುಡುಕುತ್ತಿದ್ದ ಹುಡುಗ ಹಿಂದಿನ ವರ್ಷ ಆ ಮನೆಯಲ್ಲಿ ಬಾಡಿಗೆಗೆ ಇದ್ದವನು. ಈಗ ಅಲ್ಲಿದ್ದದ್ದು ನನ್ನ ಅಕ್ಕ, ಭಾವ. ಮನೆ ತಪ್ಪಿದೆ ಎಂದು ಗೊತ್ತಾದ ಮೇಲೆ ಬಂದವರು ಸುಮ್ಮನೆ ಹೊರಟುಹೋದರು. ಭಾವ ಬೆಳಿಗ್ಗೆಯೇ ಆಚಾರಿಯನ್ನು ಕರೆಸಿ ಸಂಜೆಯೊಳಗೆ ಹೊಸ ಬಾಗಿಲು ಇಡಿಸಿದರು. ಹತ್ತು ದಿನ ಬಿಟ್ಟು ನನ್ನಲ್ಲಿಗೆ ಬಂದು, "ಕೇಸು ಹಾಕುವಾ ಮಾರಾಯ" ಎಂದರು.

ಫೋಟೋ ತೆಗೆದಿದ್ದೀರಾ ಎಂದು ಕೇಳಿದೆ. ಇಲ್ಲ. ಆಚಾರಿಯ ಬಿಲ್ಲು? ದುಡ್ಡು ಕೈಯಲ್ಲೇ ಕೊಟ್ಟದ್ದು. ಒಡೆದ ಹಲಸಿನ ಹಲಗೆ ಎಲ್ಲಿದೆ? ಅದು ಬಚ್ಚಲೊಲೆಯಲ್ಲಿ ಉರಿದು, ಮನೆಯವರೆಲ್ಲ ಆ ಬಿಸಿನೀರಲ್ಲಿ ಸ್ನಾನ ಮಾಡಿಯೂ ಆಗಿತ್ತು.

ನಾನು ವಕೀಲನಲ್ಲ. ವಿದ್ಯಾನಗರದ ಕೋರ್ಟಿಗೆ ಫೈಲು ಹೊತ್ತು ತಿರುಗಿದ ವಕೀಲರ ಗುಮಾಸ್ತ. ಇಂಥ ಕೇಸು ಗೆಲ್ಲುವುದು, ಸೋಲುವುದು ಕೋರ್ಟಿನಲ್ಲಿ ಅಂತ ಜನ ತಿಳಿದಿದ್ದಾರೆ. ನಾನು ನೋಡಿದ ಮಟ್ಟಿಗೆ ಜಾಸ್ತಿ ಕೇಸುಗಳು ಮೊದಲ ಮೂರು ದಿನದಲ್ಲೇ ತೀರ್ಮಾನ ಆಗಿಬಿಡುತ್ತವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸರ್ಕಾರ ಹಣ ಕೊಡಬೇಕು ಅಂತ ಕಾನೂನು ಇದೆಯಾ?

ಇದೆ, ಆದರೆ ಸ್ವಲ್ಪ ಸುತ್ತು ದಾರಿ. ಸಂವಿಧಾನದ 300ನೇ ವಿಧಿ ಪ್ರಕಾರ ರಾಜ್ಯ ಸರ್ಕಾರದ ಮೇಲೆ ದಾವೆ ಹೂಡಬಹುದು. ಯಾವ ವಿಷಯಕ್ಕೆ ಹೂಡಬಹುದು ಅನ್ನುವುದರ ಬೇರು ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿದೆ. ಕಲ್ಕತ್ತಾದ ಸರ್ಕಾರಿ ಹಡಗುಕಟ್ಟೆಯ ಕೆಲಸದವರ ಅಜಾಗರೂಕತೆಯಿಂದ ಒಂದು ಕಂಪನಿಯ ಕುದುರೆಗೆ ಗಾಯವಾಯಿತು. 1861ರಲ್ಲಿ ಅಲ್ಲಿನ ಕೋರ್ಟು ಸರ್ಕಾರ ನಷ್ಟ ತುಂಬಬೇಕು ಎಂದಿತು. ಜೊತೆಗೆ ಒಂದು ಕೊಕ್ಕೆಯನ್ನೂ ಇಟ್ಟಿತು. ರಾಜ್ಯಾಧಿಕಾರದ ಕೆಲಸ, ಅಂದರೆ ಸರ್ಕಾರ ಮಾತ್ರ ಮಾಡಬಲ್ಲ ಕೆಲಸ ಮಾಡುವಾಗ ಆದ ನಷ್ಟಕ್ಕೆ ಸರ್ಕಾರ ಹೊಣೆಯಲ್ಲ ಎಂದು.

ಆ ಕೊಕ್ಕೆಗೆ 1965ರಲ್ಲಿ ಒಬ್ಬ ವ್ಯಾಪಾರಿ ಸಿಕ್ಕಿಬಿದ್ದರು. 1947ರಲ್ಲಿ ಮೀರತ್‌ನಲ್ಲಿ ಪೊಲೀಸರು ಅವರನ್ನು ಹಿಡಿದು, ಕೈಯಲ್ಲಿದ್ದ ಚಿನ್ನ, ಬೆಳ್ಳಿ ಠಾಣೆಯಲ್ಲಿಟ್ಟರು. ಬಿಡುಗಡೆಯಾದ ಮೇಲೆ ಬೆಳ್ಳಿ ವಾಪಸ್ ಸಿಕ್ಕಿತು. ಚಿನ್ನ ತೆಗೆದುಕೊಂಡು ಹೆಡ್ ಕಾನ್‌ಸ್ಟೇಬಲ್ ಪಾಕಿಸ್ತಾನಕ್ಕೆ ಹೋಗಿಬಿಟ್ಟಿದ್ದ. ಜಪ್ತಿ ಮಾಡುವುದು ರಾಜ್ಯಾಧಿಕಾರದ ಕೆಲಸ, ಹಾಗಾಗಿ ಸರ್ಕಾರ ಹಣ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಇದೇ ಕಸ್ತೂರಿ ಲಾಲ್ ತೀರ್ಪು. ನೀವು ದಾವೆ ಹಾಕಿದರೆ ಸರ್ಕಾರಿ ವಕೀಲರು ಮೊದಲು ಎತ್ತುವುದು ಇದನ್ನೇ. ಹೆದರಬೇಡಿ.

ಯಾಕೆಂದರೆ ಆಮೇಲೆ ಬಂದ ತೀರ್ಪುಗಳು ಇದರ ಹಲ್ಲು ಕಿತ್ತಿವೆ. 1977ರ ಬಸವ್ವ ಪಾಟೀಲ ಪ್ರಕರಣ ನಮ್ಮ ಕನ್ನಡ ನಾಡಿನದ್ದೇ, ಎದುರುಗಾರ ಮೈಸೂರು ರಾಜ್ಯ. ಕಳುವಾದ ಒಡವೆ ಸಿಕ್ಕಿ ಪೊಲೀಸರ ವಶದಲ್ಲಿತ್ತು, ಅಲ್ಲಿಂದಲೇ ಮಾಯವಾಯಿತು. ವಸ್ತು ಹೋಯಿತು ಎಂದು ಕೈ ಎತ್ತುವಂತಿಲ್ಲ, ಅದರ ಬೆಲೆ ಕೊಡಿ ಎಂದು ಸುಪ್ರೀಂ ಕೋರ್ಟು ಆದೇಶಿಸಿತು. 1994ರ ನಾಗೇಂದ್ರ ರಾವ್ ಪ್ರಕರಣ ಆಂಧ್ರದ್ದು. 1975ರಲ್ಲಿ ಅಧಿಕಾರಿಗಳು ಜಪ್ತಿ ಮಾಡಿದ ಗೊಬ್ಬರ, ಧಾನ್ಯ ಇಟ್ಟಲ್ಲೇ ಹಾಳಾಯಿತು. ಸರ್ಕಾರಿ ನೌಕರರ ಅಜಾಗರೂಕತೆಗೆ ರಾಜ್ಯಾಧಿಕಾರದ ನೆಪ ನಡೆಯದು ಎಂದು ಅಲ್ಲಿ ತೀರ್ಪಾಯಿತು. ನಿಮ್ಮ ವಕೀಲರು ಈ ಎರಡನ್ನು ಕೈಯಲ್ಲಿಟ್ಟುಕೊಂಡರೆ ಮಾತಾಡಲು ಬಲ ಬರುತ್ತದೆ.

ನಿಮ್ಮದು ಯಾವ ಜಾತಿಯ ನಷ್ಟ?

ಠಾಣೆಯ ವಶದಲ್ಲಿದ್ದ ವಸ್ತು ಕಾಣೆಯಾದರೆ ಅಥವಾ ಹಾಳಾದರೆ ನಿಮ್ಮ ಕೇಸು ಗಟ್ಟಿ. ಜಪ್ತಿ ಮಾಡಿದವರು ನೋಡಿಕೊಳ್ಳಲೂ ಬೇಕು.

ಯಾವ ಕಾನೂನೂ ಇಲ್ಲದೆ ಮಾಡಿದ ಹಾನಿಯೂ ಗಟ್ಟಿಯೇ. ಗಲಾಟೆ ಚದುರಿಸುವಾಗ ಬದಿಯಲ್ಲಿ ನಿಲ್ಲಿಸಿದ್ದ ಬೈಕಿಗೆ ಲಾಠಿಯಲ್ಲಿ ಹೊಡೆದರು ಅಂತಿಟ್ಟುಕೊಳ್ಳಿ. ಜನರನ್ನು ಚದುರಿಸಲು ಅಧಿಕಾರ ಇದೆ. ಬೈಕನ್ನು ಯಾರು ಚದುರಿಸಬೇಕು? ತಪ್ಪು ಮನೆಯ ಬಾಗಿಲು ಒಡೆದದ್ದೂ ಇದೇ ಸಾಲಿಗೆ ಬರುತ್ತದೆ, ಆದರೆ ಅಲ್ಲಿ ಪೊಲೀಸರು "ಮಾಹಿತಿ ಹಾಗಿತ್ತು, ಒಳ್ಳೆಯ ನಂಬಿಕೆಯಿಂದ ಮಾಡಿದೆವು" ಎನ್ನುತ್ತಾರೆ. ವಿಳಾಸ ಸರಿಯಾಗಿ ವಿಚಾರಿಸಲಿಲ್ಲ ಎಂದು ನೀವು ತೋರಿಸಬೇಕು.

ಕಷ್ಟದ್ದು ಮೂರನೆಯದು. ಪೊಲೀಸರು ತಾವು ಯಾರು, ಯಾಕೆ ಬಂದದ್ದು ಎಂದು ಹೇಳಿ ಬಾಗಿಲು ತೆಗೆಯಲು ಕೇಳಿದರು. ಒಳಗಿದ್ದವರು ತೆಗೆಯಲಿಲ್ಲ. ಆಗ ಒಡೆಯಲು ಕಾನೂನೇ ಅಧಿಕಾರ ಕೊಡುತ್ತದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅಂದರೆ ಬಿಎನ್‌ಎಸ್‌ಎಸ್‌ನ 44ನೇ ಕಲಂ. ಆ ಬಾಗಿಲಿಗೆ ಹಣ ಸಿಗುವ ಆಸೆ ಬೇಡ. ಆದರೆ ಒಳಗೆ ಬಂದ ಮೇಲೆ ಟಿವಿ, ಪಾತ್ರೆ, ಕಪಾಟಿನ ಕನ್ನಡಿ ಒಡೆದಿದ್ದರೆ ಅದು ಬೇರೆ ಲೆಕ್ಕ. ಹುಡುಕಲು ಕನ್ನಡಿ ಒಡೆಯುವ ಅಗತ್ಯ ಇಲ್ಲ, ಅಲ್ವಾ?

ಪೊಲೀಸ್ ಜೀಪು ಬಂದು ಆವರಣದ ಗೋಡೆಗೆ ಗುದ್ದಿದರೆ ಇದ್ಯಾವುದೂ ಬೇಡ. ಅದು ರಸ್ತೆ ಅಪಘಾತ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಿ. ಅಲ್ಲಿ 6 ತಿಂಗಳ ಗಡುವಿದೆ, ಮರೆಯಬೇಡಿ.

ಮೊದಲ ಮೂರು ದಿನ

ಗುಡಿಸಬೇಡಿ. ಹೆಂಗಸರಿಗೆ, ಗಂಡಸರಿಗೆ ಎಲ್ಲರಿಗೂ ಅನಿಸುವುದು ಮೊದಲು ಗಾಜು ಗುಡಿಸಬೇಕು ಅಂತಲೇ. ಮಕ್ಕಳಿದ್ದರೆ ಬೇರೆ ಕೋಣೆಗೆ ಕಳಿಸಿ, ಅರ್ಧ ಗಂಟೆ ಹಾಗೇ ಬಿಡಿ.

ಮೊಬೈಲಿನಲ್ಲಿ ಒಂದೇ ಉದ್ದ ವಿಡಿಯೋ ತೆಗೆಯಿರಿ. ಅಂಗಳದಿಂದ ಶುರು ಮಾಡಿ, ಮನೆ ನಂಬರು ಕಾಣಲಿ, ಆಮೇಲೆ ಒಳಗೆ ಹೋಗಿ. ತುಂಡು ತುಂಡು ವಿಡಿಯೋ ತೆಗೆದರೆ "ಇದು ಬೇರೆ ಮನೆ" ಎನ್ನಲು ದಾರಿ ಆಗುತ್ತದೆ. ಆಮೇಲೆ ಹತ್ತಿರದಿಂದ ಫೋಟೋ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗಿದ ಪ್ರತಿ, ಮೂಲ ಫೈಲು ಫೋನಿನಲ್ಲೇ ಇರಲಿ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಫೋನು ಮಾರಿ ಆಗಿದ್ದರೆ ಆ ಪ್ರಮಾಣಪತ್ರಕ್ಕೆ ಪರದಾಡಬೇಕಾಗುತ್ತದೆ. ನೆರೆಮನೆಯ ಅಥವಾ ಅಂಗಡಿಯ ಸಿಸಿಟಿವಿ ಇದ್ದರೆ ಅವತ್ತೇ ಕೇಳಿ. ಜಾಸ್ತಿ ಕಡೆ ಕೆಲವೇ ದಿನದಲ್ಲಿ ಹಳೆಯದು ಅಳಿಸಿಹೋಗುತ್ತದೆ.

ಬಂದವರು ಯಾವ ಠಾಣೆಯವರು, ಎಷ್ಟು ಜನ, ಜೀಪಿನ ನಂಬರು, ಎದೆಯ ಮೇಲಿನ ಹೆಸರು, ಎಷ್ಟು ಗಂಟೆ. ನೆನಪಿದ್ದದ್ದನ್ನೆಲ್ಲ ಅವತ್ತೇ ಒಂದು ಪುಸ್ತಕದಲ್ಲಿ ಬರೆದು ತಾರೀಕು ಹಾಕಿ. ಹೆಸರು ಗೊತ್ತಿಲ್ಲದಿದ್ದರೂ ತೊಂದರೆ ಇಲ್ಲ. ಹಣ ಕೇಳುವುದು ಸರ್ಕಾರದಿಂದ, ಠಾಣೆ ಯಾವುದು ಎಂದು ಗೊತ್ತಿದ್ದರೆ ಸಾಕು.

ಶೋಧ ನಡೆದಿದ್ದರೆ ಮಹಜರಿನ ಪ್ರತಿ ಕೇಳಿ. ಊರಿನ ಇಬ್ಬರು ಸಾಕ್ಷಿಗಳ ಎದುರು ಪಟ್ಟಿ ಮಾಡಬೇಕು, ನಿಮಗೆ ಒಂದು ಪ್ರತಿ ಕೊಡಬೇಕು ಎಂದು ಬಿಎನ್‌ಎಸ್‌ಎಸ್‌ನ 103ನೇ ಕಲಂ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಈ ಹೊಸ ಸಂಹಿತೆಯಲ್ಲಿ ಒಂದು ಒಳ್ಳೆಯ ವಿಷಯ ಇದೆ. 105ನೇ ಕಲಂ ಪ್ರಕಾರ ಶೋಧ, ಜಪ್ತಿಯನ್ನು ಪೊಲೀಸರೇ ವಿಡಿಯೋ ಮಾಡಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ವಿಡಿಯೋ ಇದ್ದರೆ ಅದು ನಿಮ್ಮ ಸಾಕ್ಷಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳುವುದೂ ನಿಮ್ಮ ಸಾಕ್ಷಿಯೇ.

ಈಗ ರಿಪೇರಿ. ಬಾಗಿಲಿಲ್ಲದ ಮನೆಯಲ್ಲಿ ಎರಡು ತಿಂಗಳು ಕೂರಿ ಎಂದು ಯಾವ ಕೋರ್ಟೂ ಹೇಳುವುದಿಲ್ಲ. ರಿಪೇರಿ ಮಾಡಿಸಿ, ಆದರೆ ಮೊದಲು ಒಬ್ಬ ಲೈಸೆನ್ಸ್ ಇರುವ ಎಂಜಿನಿಯರಿಂದ ಒಂದು ಪುಟದ ವರದಿ ಬರೆಸಿ. ಯಾವ ಮರ, ಎಷ್ಟು ಅಳತೆ, ಎಷ್ಟು ಹಳೆಯದು, ಸರಿಮಾಡಲು ಎಷ್ಟು. ಗಾಡಿಯಾದರೆ ಕಂಪನಿ ಸರ್ವಿಸ್ ಸೆಂಟರಿನ ಅಂದಾಜು ಪಟ್ಟಿ. ಇನ್ಶೂರೆನ್ಸ್ ಇದ್ದರೆ ಅವರಿಗೆ ಕೂಡಲೇ ತಿಳಿಸಿ, ಸರ್ವೇಯರ್ ಬಂದು ನೋಡಿದ ವರದಿ ನಿಮಗೂ ಉಪಯೋಗಕ್ಕೆ ಬರುತ್ತದೆ. ಆದರೆ ಒಂದೇ ನಷ್ಟಕ್ಕೆ ಎರಡು ಕಡೆ ಹಣ ತೆಗೆದುಕೊಳ್ಳುವಂತಿಲ್ಲ. ಆಚಾರಿಗೆ, ಮೆಕ್ಯಾನಿಕ್‌ಗೆ ಗೂಗಲ್ ಪೇಯಲ್ಲಿ ಕೊಡಿ, ಬಿಲ್ಲು ಬರೆಸಿ. ಒಡೆದ ತುಂಡುಗಳನ್ನು ಅಟ್ಟದ ಮೇಲೆ ಕಟ್ಟಿಡಿ. ಒಲೆಗೆ ಹಾಕಬೇಡಿ!

ದೂರು ಅರ್ಜಿ, ಅದೂ ಕನ್ನಡದಲ್ಲಿ

ಒಂದು ವಾರದೊಳಗೆ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಅರ್ಜಿ ಕೊಡಿ. ಕಲೆಕ್ಟರಿಗೆ ಒಂದು ಪ್ರತಿ. ಸಿವಿಲ್ ಸ್ಟೇಷನ್‌ಗೆ ಖುದ್ದು ಹೋಗಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ರಸೀದಿ ಇಲ್ಲದ ಅರ್ಜಿ ಕೊಡದ ಅರ್ಜಿಗೆ ಸಮ.

ಮಲಯಾಳ ಬರೆಯಲು ಬರುವುದಿಲ್ಲ ಎಂದು ನಮ್ಮ ಕಡೆಯ ಎಷ್ಟೋ ಹಿರಿಯರು ಸುಮ್ಮನಿದ್ದುಬಿಡುತ್ತಾರೆ. ಬೇಕಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲೇ ಇದೆ, ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೆ, ಇಲಾಖಾ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಸಂವಿಧಾನದ 350ನೇ ವಿಧಿಯೂ ಅಹವಾಲು ಯಾವ ಭಾಷೆಯಲ್ಲಿ ಕೊಡಬೇಕು ಎಂಬುದನ್ನು ನಿಮಗೇ ಬಿಡುತ್ತದೆ. ಹಕ್ಕು ಇದೆ ನಿಜ. ಆದರೆ ಹಕ್ಕಿನ ಜೊತೆ ಸ್ವಲ್ಪ ಜಾಣತನವೂ ಬೇಕು. ಕನ್ನಡದ ಅರ್ಜಿಗೆ ಒಂದು ಇಂಗ್ಲಿಷ್ ಅಥವಾ ಮಲಯಾಳ ಅನುವಾದ ಲಗತ್ತಿಸಿ. "ಅನುವಾದಕ್ಕೆ ಕಳಿಸಿದ್ದೇವೆ" ಎಂಬ ಮಾತು ಕೇಳುತ್ತಾ ತಿಂಗಳು ಕಳೆಯುವುದು ತಪ್ಪುತ್ತದೆ.

ಇದರ ಜೊತೆಗೆ ಒಂದು ಮಾಹಿತಿ ಹಕ್ಕು ಅರ್ಜಿ. ಹತ್ತು ರೂಪಾಯಿ ಕೋರ್ಟ್ ಫೀ ಸ್ಟ್ಯಾಂಪು ಅಂಟಿಸಿದರೆ ಆಯಿತು, ಉತ್ತರಕ್ಕೆ 30 ದಿನ. ಠಾಣೆಯ ದಿನಚರಿ ಪುಸ್ತಕವಾದ ಜನರಲ್ ಡೈರಿಯಲ್ಲಿ ಆ ರಾತ್ರಿಯ ನಮೂದು, ಜೀಪಿನ ಲಾಗ್ ಪುಸ್ತಕ ಕೇಳಿ. ತನಿಖೆ ನಡೆಯುತ್ತಿದೆ ಎಂದು ಕೊಡದೆಯೂ ಇರಬಹುದು. ಪರವಾಗಿಲ್ಲ, ಆ ಉತ್ತರದಲ್ಲೇ "ನಮ್ಮ ಸಿಬ್ಬಂದಿ ಅಲ್ಲಿಗೆ ಹೋಗಿದ್ದರು" ಎಂಬ ಒಪ್ಪಿಗೆ ಸಿಗುವುದುಂಟು. ವಸ್ತು ಠಾಣೆಯೊಳಗೇ ಕಾಣೆಯಾಗಿದ್ದರೆ ಸಿಸಿಟಿವಿ ಉಳಿಸಿಡಿ ಎಂದು ಲಿಖಿತವಾಗಿ ಕೇಳಿ. ದೇಶದ ಎಲ್ಲ ಠಾಣೆಗಳಲ್ಲಿ ಕ್ಯಾಮೆರಾ ಇರಬೇಕು, 18 ತಿಂಗಳ ದೃಶ್ಯ, ಅದಾಗದಿದ್ದರೆ ಕನಿಷ್ಠ ಒಂದು ವರ್ಷದ್ದು ಇಡಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಹಣ ಬೇಕಾ, ಶಿಕ್ಷೆ ಬೇಕಾ?

ಇಲ್ಲಿ ತುಂಬಾ ಜನ ಎಡವುತ್ತಾರೆ. ಇವು ಎರಡು ಬೇರೆ ದಾರಿ.

ಶಿಕ್ಷೆಯ ದಾರಿ ಹಿಡಿದರೆ ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರ ಇದೆ. ಡಿವೈಎಸ್ಪಿವರೆಗಿನವರ ಮೇಲಿನ ದೂರನ್ನು ನಿವೃತ್ತ ಜಿಲ್ಲಾ ನ್ಯಾಯಾಧೀಶರ ನೇತೃತ್ವದಲ್ಲಿ ವಿಚಾರಿಸುತ್ತಾರೆ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಖಾಸಗಿ ದೂರು ಕೊಡಲೂಬಹುದು, ಆಸ್ತಿ ಹಾನಿಗೆ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ. ಆದರೆ ಕರ್ತವ್ಯದಲ್ಲಿದ್ದ ನೌಕರರ ಮೇಲೆ ಕೇಸು ನಡೆಸಲು ಸರ್ಕಾರದ ಅನುಮತಿ ಬೇಕೇ ಬೇಡವೇ ಎಂಬುದರಲ್ಲೇ ವರ್ಷ ಕಳೆಯಬಹುದು. ಇದೆಲ್ಲ ಮುಗಿದರೂ ನಿಮ್ಮ ಬಾಗಿಲಿನ ದುಡ್ಡು ತನ್ನಷ್ಟಕ್ಕೆ ಬರುವುದಿಲ್ಲ. ರಾಜ್ಯ ಮಾನವ ಹಕ್ಕುಗಳ ಆಯೋಗ ಪರಿಹಾರಕ್ಕೆ ಶಿಫಾರಸು ಮಾಡಬಲ್ಲದು, ಘಟನೆ ನಡೆದು ಒಂದು ವರ್ಷದೊಳಗೆ ದೂರು ಹೋಗಬೇಕು.

ನನ್ನನ್ನು ಕೇಳಿದರೆ, ಹೊಡೆತ ಬಿದ್ದಿದ್ದರೆ, ಹೆಂಗಸರ ಮೇಲೆ ಕೈ ಮಾಡಿದ್ದರೆ ಎರಡೂ ದಾರಿ ಹಿಡಿಯಿರಿ. ಬರೀ ವಸ್ತು ಹಾಳಾಗಿದ್ದರೆ ಹಣದ ದಾರಿಯೊಂದೇ ಸಾಕು. ಸಿಟ್ಟು ತೀರಿಸಿಕೊಳ್ಳಲು ಹೋಗಿ ಗಡುವು ಮೀರಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಎಂಬತ್ತನೇ ಕಲಂ ನೋಟಿಸು

ಸರ್ಕಾರದ ಮೇಲೆ ನೇರ ದಾವೆ ಹೂಡಲು ಆಗದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ಮೊದಲು ನೋಟಿಸು ಕೊಟ್ಟು, ಎರಡು ತಿಂಗಳು ಕಾಯಬೇಕು. ನೋಟಿಸು ಹೋಗಬೇಕಾದದ್ದು ಸರ್ಕಾರದ ಒಬ್ಬ ಕಾರ್ಯದರ್ಶಿಗೆ ಅಥವಾ ಜಿಲ್ಲಾ ಕಲೆಕ್ಟರಿಗೆ. ತಿರುವನಂತಪುರಕ್ಕೆ ಓಡಬೇಕಿಲ್ಲ, ವಿದ್ಯಾನಗರದಲ್ಲೇ ಕೊಟ್ಟರೆ ನಡೆಯುತ್ತದೆ. ಅಧಿಕಾರಿಯನ್ನೂ ದಾವೆಯಲ್ಲಿ ಸೇರಿಸುವುದಾದರೆ ಅವರ ಕಚೇರಿಗೂ ಒಂದು ಕೊಡಿ. ಒಂದು ಮಾತು ನೆನಪಿರಲಿ, ಅಧಿಕಾರಿಯ ಮೇಲೆ ಮಾತ್ರ ಹೂಡಿದರೆ ಸಾಲದು. ಕರ್ತವ್ಯದ ಹೆಸರಲ್ಲಿ ಮಾಡಿದ ಕೆಲಸವಾದರೆ ಸರ್ಕಾರವೂ ಪಕ್ಷಗಾರ ಆಗಿರಲೇಬೇಕು.

ನೋಟಿಸಿನಲ್ಲಿ ನಾಲ್ಕು ವಿಷಯ ಬೇಕು: ನೀವು ಯಾರು, ಎಲ್ಲಿಯವರು, ಏನಾಯಿತು, ಏನು ಬೇಕು. ಭಾಷಣ ಬೇಡ. ಹೀಗಿದ್ದರೆ ಸಾಕು:

"ನಾನು ಮಂಜೇಶ್ವರ ತಾಲೂಕು, … ಗ್ರಾಮದ … ನಂಬರಿನ ಮನೆಯ ನಿವಾಸಿ. ದಿನಾಂಕ … ರಂದು ರಾತ್ರಿ … ಗಂಟೆಗೆ … ಠಾಣೆಯ ಸಿಬ್ಬಂದಿ ಕರ್ತವ್ಯದ ಮೇಲೆ ಬಂದು, ನನಗೆ ಸಂಬಂಧವಿಲ್ಲದ ವ್ಯಕ್ತಿಯನ್ನು ಹುಡುಕುತ್ತಾ, ವಿಳಾಸ ವಿಚಾರಿಸದೆ ನನ್ನ ಮನೆಯ ಮುಂಬಾಗಿಲು ಒಡೆದರು. ಇದರಿಂದ ಲಗತ್ತಿಸಿದ ಪಟ್ಟಿಯಂತೆ … ರೂಪಾಯಿ ನಷ್ಟವಾಗಿದೆ. ಈ ನೋಟಿಸು ತಲುಪಿದ ಎರಡು ತಿಂಗಳೊಳಗೆ ಆ ಹಣ ಕೊಡದಿದ್ದರೆ ಕೇರಳ ರಾಜ್ಯದ ಮೇಲೆ ಬಡ್ಡಿ, ಖರ್ಚು ಸಹಿತ ದಾವೆ ಹೂಡುತ್ತೇನೆ."

ಸಣ್ಣ ತಪ್ಪಿದೆ ಎಂದು ಆಮೇಲೆ ದಾವೆ ಬಿದ್ದುಹೋಗುವುದಿಲ್ಲ, ಆದರೆ ನೋಟಿಸೇ ಕೊಡದಿದ್ದರೆ ಬಿದ್ದುಹೋಗುತ್ತದೆ. ಎರಡು ತಿಂಗಳು ಕಾಯಲಾಗದ ತುರ್ತು ಇದ್ದರೆ ಕೋರ್ಟಿನ ಅನುಮತಿ ಕೇಳಿ ಮೊದಲೇ ಹೂಡಬಹುದು.

ಮೊತ್ತ ಉಬ್ಬಿಸಬೇಡಿ. ರಿಪೇರಿ ಖರ್ಚು, ಆ ದಿನಗಳ ದುಡಿಮೆ ನಷ್ಟ, ಬಾಡಿಗೆ ಗಾಡಿಗೆ ಕೊಟ್ಟದ್ದು, ಇಷ್ಟಕ್ಕೆ ಕಾಗದ ಇರಲಿ. ಆಟೋ ಓಡಿಸುವವರು ದಿನದ ದುಡಿಮೆ ತೋರಿಸಲು ಬ್ಯಾಂಕಿನ ಪಾಸ್‌ಬುಕ್ ಇಡಿ. ಹದಿನೈದು ಸಾವಿರದ ನಷ್ಟಕ್ಕೆ ಐದು ಲಕ್ಷ ಕೇಳಿದರೆ ಕೋರ್ಟ್ ಫೀಯೂ ಆ ಲೆಕ್ಕದಲ್ಲೇ ಏರುತ್ತದೆ, ನಂಬಿಕೆಯೂ ಇಳಿಯುತ್ತದೆ.

ದಾವೆ, ಗಡುವು, ಅದಾಲತ್

ಗಡುವಿನ ವಿಷಯದಲ್ಲಿ ವಕೀಲರಲ್ಲೇ ವಾದ ಇದೆ. ಅತಿಕ್ರಮ ಪ್ರವೇಶ, ವಸ್ತು ಹಾನಿಗೆ 3 ವರ್ಷ. ಕಾನೂನಿನ ಪ್ರಕಾರ ಮಾಡಿದ ಕೆಲಸದಿಂದಾದ ನಷ್ಟಕ್ಕೆ 1 ವರ್ಷ. ಸರ್ಕಾರದ ಕಡೆಯವರು ಒಂದು ವರ್ಷ ಎಂದೇ ಹೇಳುತ್ತಾರೆ. ಹಾಗಾಗಿ ಒಂದು ವರ್ಷ ಎಂದೇ ತಿಳಿದು ಕೆಲಸ ಮಾಡಿ. ನೋಟಿಸಿನ ಎರಡು ತಿಂಗಳು ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಮೊತ್ತ ಸಣ್ಣದಿದ್ದರೆ ದಾವೆಗಿಂತ ಮೊದಲು ತಾಲೂಕು ಕಾನೂನು ಸೇವಾ ಸಮಿತಿಗೆ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಹಾಕಿ ನೋಡಿ. ಕೋರ್ಟ್ ಫೀ ಇಲ್ಲ. ಎದುರು ಕಡೆಯವರನ್ನು ಕರೆಸಿ, ರಾಜಿ ಮಾಡಿಸುವ ಅದಾಲತ್‌ನಲ್ಲಿ ಮಾತಾಡಿಸುತ್ತಾರೆ. ರಾಜಿಯಾದರೆ ಅದು ಡಿಕ್ರಿಗೆ, ಅಂದರೆ ಸಿವಿಲ್ ಕೋರ್ಟಿನ ತೀರ್ಪಿಗೆ ಸಮ, ಮೇಲ್ಮನವಿ ಇಲ್ಲ. ದಾವೆಯೇ ಹೂಡಬೇಕಾದರೂ ಉಚಿತ ವಕೀಲರು ಸಿಗುತ್ತಾರೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಈ ಸೌಲಭ್ಯ ಇದೆ. ಮನೆ ಹೆಂಡತಿಯ ಹೆಸರಲ್ಲಿದ್ದರೆ ಅರ್ಜಿ ಅವರೇ ಹಾಕಲಿ.

ಎರ್ನಾಕುಳಂನ ಹೈಕೋರ್ಟಿಗೆ ರಿಟ್, ಅಂದರೆ ಹಕ್ಕು ಮುರಿದಾಗ ನೇರವಾಗಿ ಕೊಡುವ ಅರ್ಜಿ, ಹಾಕುವುದು ತಪ್ಪು ಎದ್ದು ಕಾಣುವಾಗ ಮಾತ್ರ. ಪೊಲೀಸರು "ನಾವು ಮಾಡಿಲ್ಲ" ಎಂದರೆ ಸಾಕ್ಷಿ ವಿಚಾರಣೆ ಬೇಕು, ಸಿವಿಲ್ ಕೋರ್ಟಿಗೇ ಹೋಗಿ ಎನ್ನುವ ಸಂಭವ ಜಾಸ್ತಿ.

ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯುವ ಗಾಡಿ

ಜಪ್ತಿಯಾದ ಗಾಡಿಗಳ ಮೇಲೆ ಬಳ್ಳಿ ಹಬ್ಬಿರುವುದನ್ನು ನೋಡಿರುತ್ತೀರಿ. ಹಾಳಾದ ಮೇಲೆ ಪರಿಹಾರ ಕೇಳುವುದಕ್ಕಿಂತ ಹಾಳಾಗುವ ಮೊದಲೇ ಬಿಡಿಸಿಕೊಳ್ಳುವುದು ಲೇಸು. ವಾಹನಗಳನ್ನು ಠಾಣೆಯಲ್ಲಿ ಬಹುಕಾಲ ಇಡಬೇಡಿ, ಬಾಂಡ್ ಬರೆಸಿಕೊಂಡು ಕೊಡಿ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಸುಂದರಭಾಯಿ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಈಗ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಬಿಎನ್‌ಎಸ್‌ಎಸ್‌ನ 497 ಅಥವಾ 503ನೇ ಕಲಂ ಅಡಿ ಅರ್ಜಿ ಹಾಕಬೇಕು. ಬಿಡಿಸಿಕೊಳ್ಳುವ ದಿನ ಠಾಣೆಯಲ್ಲೇ ಫೋಟೋ ತೆಗೆಯಿರಿ, ಬ್ಯಾಟರಿ, ಟಯರು, ಸ್ಟೀರಿಯೋ ಇದೆಯಾ ನೋಡಿ. ಇಲ್ಲದ್ದನ್ನು ರಸೀದಿಯ ಮೇಲೆ ಬರೆದೇ ಸಹಿ ಹಾಕಿ. ಹೊಯ್ಗೆ, ಅಬಕಾರಿ ಕೇಸಿನ ಗಾಡಿಗಳಿಗೆ ಬೇರೆ ಕಾನೂನು, ಬೇರೆ ಅಧಿಕಾರಿ. ಅಲ್ಲಿ ವಕೀಲರಿಲ್ಲದೆ ಹೆಜ್ಜೆ ಇಡಬೇಡಿ.

ತಲಪಾಡಿ ದಾಟಿ ಬಂದವರಾದರೆ

ಮಂಗಳೂರು ಕಡೆಯ ಪೊಲೀಸರು ನಮ್ಮಲ್ಲಿಗೆ ಬಂದು ಹಾನಿ ಮಾಡಿದರೆ ಎದುರುಗಾರ ಕರ್ನಾಟಕ ರಾಜ್ಯ. ನೋಟಿಸು ಕರ್ನಾಟಕದ ಕಾರ್ಯದರ್ಶಿಗೆ ಅಥವಾ ಆ ಜಿಲ್ಲೆಯ ಜಿಲ್ಲಾಧಿಕಾರಿಗೆ ಹೋಗಬೇಕು, ನಮ್ಮ ಕಲೆಕ್ಟರಿಗಲ್ಲ. ಪೊಲೀಸರ ಮೇಲಿನ ದೂರಿಗೂ ಅಲ್ಲಿನ ಪ್ರಾಧಿಕಾರ. ದಾವೆಯನ್ನು ಮಾತ್ರ ಮನೆ ಇರುವ ಜಾಗದ ಕೋರ್ಟಿನಲ್ಲಿ, ಅಂದರೆ ಇಲ್ಲೇ ಹೂಡಬಹುದು. ಗಾಡಿ ಜಪ್ತಿಯಾದದ್ದು ಗಡಿಯಾಚೆ ಆಗಿದ್ದರೆ ಬಿಡಿಸುವ ಅರ್ಜಿಗೆ ಆ ಕಡೆಯ ಕೋರ್ಟೇ ಗತಿ.

ಭಾವನ ಕೇಸನ್ನು ನಾವು ಅದಾಲತ್‌ಗೆ ಒಯ್ದೆವು. ನೆರೆಯವರಿಬ್ಬರು ಹೇಳಿಕೆ ಕೊಟ್ಟರು. ಆಚಾರಿ ಒಂದು ಕಾಗದ ಬರೆದುಕೊಟ್ಟ. ಬಗ್ಗಿದ ಒಂದು ಬಿಜಾಗರಿ, ಒಡೆದ ಬೀಗ ಹೇಗೋ ಹಿತ್ತಿಲಲ್ಲಿ ಸಿಕ್ಕಿತು. ಹನ್ನೊಂದು ತಿಂಗಳಿಗೆ ಹಣ ಬಂತು, ಆದರೆ ಅರ್ಧವೇ. ಒಡೆದದ್ದು ಹಲಸಿನ ಬಾಗಿಲು ಎಂದು ತೋರಿಸಲು ಏನೂ ಉಳಿದಿರಲಿಲ್ಲ. ಕಾಡುಮರದ ಲೆಕ್ಕ ಹಾಕಿ ಕೊಟ್ಟರು.